ಮಂತ್ರಿಯ ಕೆಳಗಿನ ಕಾಗದ

ಸುತ್ತಿದ್ದ ಬೆಡ್‌ಶೀಟು ಬಿಚ್ಚುವ ಮೊದಲೇ ಲೋಬಾನದ ವಾಸನೆ ಬಂತು. ಒಮಾನಿನ ಮನೆಗಳಲ್ಲಿ ಮಜ್ಲಿಸ್ ಎಂದರೆ ಅತಿಥಿಗಳನ್ನು ಕೂರಿಸುವ ಕೋಣೆ. ಅಲ್ಲಿನ ಗೋಡೆಯ ಮೇಲೆ ವರ್ಷಗಟ್ಟಲೆ ನೇತಾಡಿದ ಚಿತ್ರಗಳೆಲ್ಲ ಈ ವಾಸನೆಯನ್ನು ಹೊತ್ತುಕೊಂಡೇ ನಮ್ಮ ಕಾರ್ಯಾಗಾರಕ್ಕೆ ಬರುತ್ತವೆ. ಮೂಗಿಗೆ ಹಬ್ಬ, ಕಾಗದಕ್ಕೆ ಮಾತ್ರ ದಿನಕ್ಕೊಂದು ಪದರ ಅಂಟುಮಸಿ. ನನ್ನ ಕ್ರಮ ಏನೆಂದರೆ, ಯಾವ ಚಿತ್ರ ಬಂದರೂ ಮೊದಲು ಹೆದರುತ್ತೇನೆ, ಆಮೇಲೆ ನೋಡುತ್ತೇನೆ. ಆ ದಿನವೂ ಹಾಗೇ ಮಾಡಿದೆ.

ತಂದವರು ಒಬ್ಬ ತಂದೆ, ಒಬ್ಬ ಮಗಳು. ತಂದೆ ಅಲ್ ಅಮೇರಾತ್‌ನ ನಿವೃತ್ತ ವಕೀಲರು. ಪಾದ ಮುಟ್ಟುವ ಬಿಳಿ ನಿಲುವಂಗಿ ದಿಶ್‌ದಾಶಾ, ಕಸೂತಿ ಟೊಪ್ಪಿ, ಕೈಯಲ್ಲಿ ಊರುಗೋಲು. ಊರುಗೋಲನ್ನು ನಡೆಯಲಿಕ್ಕೆ ಬಳಸುತ್ತಿರಲಿಲ್ಲ, ಮುಂದೆ ಕುರ್ಚಿಯಿದೆಯೋ ಮನುಷ್ಯನಿದ್ದಾನೋ ಎಂದು ತಡವಲಿಕ್ಕೆ ಬಳಸುತ್ತಿದ್ದರು. ಮಗಳು ಬ್ಯಾಂಕಿನಲ್ಲಿ ಅಧಿಕಾರಿ, ಊಟದ ಬಿಡುವಿನಲ್ಲಿ ಓಡಿಬಂದಿದ್ದರು.

"ಸಲಾಂ, ಯಾ ಮುಹಂದಿಸ್," ಎಂದರು ವಕೀಲರು. ಇಲ್ಲಿ ಕೈಯಲ್ಲಿ ಸಲಕರಣೆ ಹಿಡಿದವರೆಲ್ಲ ಮುಹಂದಿಸ್, ಅಂದರೆ ಇಂಜಿನಿಯರ್. ಮೈಸೂರಿನಲ್ಲಿ ಎರಡು ಸಲ ಪರೀಕ್ಷೆ ಬರೆದರೂ ಸಿಗದ ಪದವಿಯನ್ನು ಮಸ್ಕತ್‌ನಲ್ಲಿ ಜನ ಬಾಗಿಲಲ್ಲೇ ಕೊಟ್ಟುಬಿಡುತ್ತಾರೆ.

ಚಿತ್ರ ಫ್ರಾನ್ಸಿನದು. ಉಕ್ಕಿನ ಫಲಕದ ಮೇಲೆ ಸೂಜಿಯಂಥ ಉಳಿಯಿಂದ ಗೆರೆ ಕೊರೆದು, ಗೆರೆಗಳಿಗೆ ಮಸಿ ತುಂಬಿ, ಮೇಲೆ ಕಾಗದವಿಟ್ಟು ಒತ್ತಿ ತೆಗೆದ ಅಚ್ಚು. ಅದರೊಳಗಿನ ಘಟನೆ ಅಚ್ಚಿಗಿಂತ ಬಹಳ ಹಳೆಯದು. ಆ ದೇಶದಲ್ಲಿ ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಒಬ್ಬರನ್ನೊಬ್ಬರು ಬೀದಿಬೀದಿಯಲ್ಲಿ ಕೊಲ್ಲುತ್ತಿದ್ದ ಕಾಲ. ಹಜಾರದ ನಡುವೆ ಉದ್ದ ಬಿಳಿ ಗಡ್ಡದ ಮುದುಕ. ರಾಜನಿಗೆ ಮಂತ್ರಿಯಾಗಿದ್ದವನು, ಈಗ ಅಧಿಕಾರ ಕಳೆದುಕೊಂಡು ಹಳ್ಳಿಮನೆ ಸೇರಿದವನು. ಅವನ ಎಡಕ್ಕೆ ಬಂದೂಕು ಹಿಡಿದ ಆಳುಗಳು, ಕೈ ಹಿಸುಕಿಕೊಳ್ಳುವ ಒಬ್ಬ ಹೆಂಗಸು. ಬಲಕ್ಕೆ ಬಾಗಿಲು. ಬಾಗಿಲಾಚೆ ಪಂಜು, ಈಟಿ, ಬಾಯಿ ತೆರೆದ ಮುಖಗಳು. ಮುದುಕ ಕೈಯೆತ್ತಿ ಬಾಗಿಲ ಕಡೆ ತೋರಿಸುತ್ತಿದ್ದಾನೆ.

"ಬಾಗಿಲು ತೆಗೀರಿ ಅಂತಿದಾನೆ," ಎಂದು ವಕೀಲರು ಹಿಂದಿಯಲ್ಲಿ ವಿವರಿಸಿದರು. "ಆಳುಗಳು ಗುಂಡು ಹಾರಿಸೋಣ ಅಂತಾರೆ. ಇವನು, ಬೇಡ, ತೆಗೀರಿ ಅಂತಾನೆ. ದೇವರ ಹೆಸರಲ್ಲಿ ಹೊಡೆದಾಡಬೇಡಿ ಅಂತ ಎರಡೂ ಕಡೆಯವರಿಗೆ ಹೇಳಿ ಹೇಳಿ, ಎರಡೂ ಕಡೆಯವರಿಂದ ಬೈಸಿಕೊಂಡು ನೌಕರಿ ಕಳೆದುಕೊಂಡ ಮನುಷ್ಯ."

"ಕೊನೆಗೆ ಜನ ಅವನ ಮಾತು ಕೇಳಿದರಾ?"

"ಎಲ್ಲಿ ಕೇಳ್ತಾರೆ? ಅವನು ಸತ್ತ ಮೇಲೂ ಜಗಳ ನಡೀತಾನೇ ಇತ್ತು." ಅವರು ನಕ್ಕರು. "ಗೆದ್ದವನ ಚಿತ್ರ ಆಗಿದ್ದರೆ ನಾನು ಕೊಳ್ತಾನೇ ಇರಲಿಲ್ಲ. ಗೆದ್ದವರಿಗೆ ವಕೀಲ ಯಾಕೆ?"

ಫ್ರಾನ್ಸಿನಲ್ಲಿ ಕಾನೂನು ಓದುವಾಗ ನದಿಯ ದಂಡೆಯ ಹಳೇ ಪುಸ್ತಕದಂಗಡಿಯಲ್ಲಿ ಕೊಂಡದ್ದಂತೆ. ವಕೀಲಿಕೆ ಮಾಡಿದಷ್ಟು ವರ್ಷವೂ ಅದು ಅವರ ಆಫೀಸಿನಲ್ಲಿ, ಕಕ್ಷಿದಾರರ ತಲೆಯ ಹಿಂದಿನ ಗೋಡೆಯಲ್ಲಿತ್ತು. ಎದುರು ಕೂತವರು ಸುಳ್ಳು ಹೇಳಲು ಶುರುಮಾಡಿದಾಗ ಇವರು ಅವರ ತಲೆಯ ಮೇಲಿಂದ ಮಂತ್ರಿಯನ್ನು ನೋಡುತ್ತ ಕೂರುತ್ತಿದ್ದರು. ನಿವೃತ್ತರಾದ ಮೇಲೆ ಅದು ಮನೆಯ ಮಜ್ಲಿಸ್ ಸೇರಿತ್ತು.

ಈಗ ಕಾಗದ ಗಟ್ಟಿ ಚಹಾದ ಬಣ್ಣಕ್ಕೆ ತಿರುಗಿತ್ತು. ಮಸಿಯ ಗೆರೆಗಳು ಆ ಕಂದಿನೊಳಗೆ ಮುಳುಗಿದ್ದವು. ನನಗೇ ಮುಖ ಹುಡುಕಲು ದೀಪ ಬೇಕಾಯಿತು.

"ನನ್ನ ಎಡಗಣ್ಣು ಖಲಾಸ್," ಎಂದರು ವಕೀಲರು, ಅಂಗಡಿ ಮುಚ್ಚಿತು ಎನ್ನುವಷ್ಟು ಸಹಜವಾಗಿ. "ಬಲಗಣ್ಣಿಗೆ ಇಂಜೆಕ್ಷನ್ ಚುಚ್ಚುತ್ತಿದ್ದಾರೆ."

ಮಗಳು ಬಿಡಿಸಿ ಹೇಳಿದರು. ಕಣ್ಣಿನ ಒಳಪರದೆಯ ನಡುಭಾಗ ಹಾಳಾಗುವ ಕಾಯಿಲೆ. ನೇರ ಗೆರೆ ಸೊಟ್ಟ ಕಾಣುತ್ತದೆ. ಕಪ್ಪು ಬಿಳುಪು ದೂರ ದೂರ ಇದ್ದರೆ ಮಾತ್ರ ಗೊತ್ತಾಗುತ್ತದೆ. ಕಂದಿನ ಮೇಲೆ ಬೂದು ಇದ್ದರೆ ಏನೂ ಇಲ್ಲದ ಹಾಗೆ. ಭೂತಗನ್ನಡಿ ಹಿಡಿದು ದಿನಾ ಬೆಳಿಗ್ಗೆ ಚಿತ್ರದ ಮುಂದೆ ಕೂರುತ್ತಾರೆ, ಸಿಟ್ಟು ಮಾಡಿಕೊಂಡು ಎದ್ದು ಹೋಗುತ್ತಾರೆ.

"ಬೆಳ್ಳಗೆ ಮಾಡಿಕೊಡು," ಎಂದರು ವಕೀಲರು. "ಈ ಕಣ್ಣು ಇರೋದರೊಳಗೆ ಒಂದು ಸಲ ಅವನನ್ನ ಸರಿಯಾಗಿ ನೋಡಬೇಕು."

"ಎಷ್ಟು ಸಮಯ ಇದೆ ಅಂತ ಡಾಕ್ಟರು ಏನಾದರೂ…"

"ನನ್ನ ಕಣ್ಣು ಅದನ್ನ ಡಾಕ್ಟರಿಗೂ ಹೇಳಿಲ್ಲ."

ಬ್ಲೀಚ್ ಹಾಕಿ ಬಿಳಿ ಮಾಡುವುದು ನಮ್ಮ ಕಸುಬಿನಲ್ಲಿ ಸುಲಭ, ಅದಕ್ಕೇ ನಾವು ಮಾಡುವುದಿಲ್ಲ ಎಂದೆ. ಇವತ್ತು ಕಾಗದ ಹಲ್ಲುಪುಡಿಯ ಜಾಹೀರಾತಿನಂತೆ ಹೊಳೆಯುತ್ತದೆ, ನಾಳೆ ಮಡಿಸಿದಲ್ಲಿ ಮುರಿಯುತ್ತದೆ. ಬರೀ ನೀರಿನಲ್ಲಿ ತೊಳೆಯಬಹುದು. ಎಷ್ಟು ಬಣ್ಣ ಬಿಡುತ್ತದೋ ಅಷ್ಟು. ಮಗಳಿಗೆ ಈ ಉತ್ತರ ಹಿಡಿಸಿತು. "ಒರಿಜಿನಲ್ ಹೇಗಿದೆಯೋ ಹಾಗೇ ಇರಬೇಕು. ಅಪ್ಪನ ನಂತರ ಇದು ನಮ್ಮ ಮನೆಯಲ್ಲಿರುತ್ತದೆ," ಎಂದರು. ತಂದೆ ಅದನ್ನು ಕೇಳಿಸಿಕೊಂಡು, ಊರುಗೋಲಿನಿಂದ ಬಾಗಿಲ ಕಡೆ ತಡವಿದರು.

ನಮ್ಮ ಕಾರ್ಯಾಗಾರ ಅಲ್ ಅಜೈಬಾದಲ್ಲಿ, ಪೀಠೋಪಕರಣದ ಮಳಿಗೆಯೊಂದರ ಹಿಂಭಾಗದಲ್ಲಿದೆ. ಕಾಗದ ನನ್ನದು, ಚೌಕಟ್ಟು ಒಬ್ಬ ಕುಂದಾಪುರದವರದು. ನಾನು ಎಷ್ಟು ಹೆದರುತ್ತೇನೋ ಅಷ್ಟು ಅವರು ಹೆದರುವುದಿಲ್ಲ, ಹೀಗೆ ಇಬ್ಬರನ್ನೂ ಕೂಡಿಸಿ ಭಾಗಿಸಿದರೆ ಒಬ್ಬ ಸಾಮಾನ್ಯ ಮನುಷ್ಯ ಸಿಗುತ್ತಾನೆ. ಅವರು ತುಕ್ಕು ಮೊಳೆಗಳನ್ನು ಒಂದೊಂದಾಗಿ ಕಿತ್ತು ಚಿತ್ರವನ್ನು ಚೌಕಟ್ಟಿನಿಂದ ಹೊರಗೆ ತೆಗೆದರು. ಚಿತ್ರದ ಬೆನ್ನಿಗೆ ಯಾರೋ ಪ್ಲೈವುಡ್ ತುಂಡು ಒತ್ತುಕೊಟ್ಟಿದ್ದರು. ಅದರ ಗಂಟುಗಳೆಲ್ಲ ಕಾಗದದ ಬೆನ್ನಿನ ಮೇಲೆ ಸುಟ್ಟ ಗುರುತಿನಂತೆ ಮೂಡಿದ್ದವು. ಮರದ ಆಮ್ಲ ಹಿಂದಿನಿಂದ, ಲೋಬಾನದ ಹೊಗೆ ಮುಂದಿನಿಂದ. ಮಂತ್ರಿಗೆ ಎರಡೂ ಕಡೆಯ ಹಿಂಸೆ ಇಲ್ಲೂ ತಪ್ಪಿರಲಿಲ್ಲ.

ಮೊದಲು ಒಣ ಕೆಲಸ. ರಬ್ಬರಿನ ಪುಡಿ ಉದುರಿಸಿ, ಬೆರಳ ತುದಿಯಲ್ಲಿ ಸುತ್ತಿಸುತ್ತಿ ಉಜ್ಜಿ, ಮೃದು ಕುಂಚದಿಂದ ಗುಡಿಸುವುದು. ಪುಡಿ ಕಪ್ಪಾದಂತೆ ಬದಲಿಸುವುದು. ಆಮೇಲೆ ನೀರಿನ ಪರೀಕ್ಷೆ. ಅಂಚಿನ ಖಾಲಿ ಜಾಗದಲ್ಲಿ, ನಾಲ್ಕೂ ಮೂಲೆಗಳಲ್ಲಿ ಒಂದೊಂದು ಹನಿ ಬಿಟ್ಟು, ಹೀರುಕಾಗದ ಒತ್ತಿ, ಭೂತಗನ್ನಡಿಯಲ್ಲಿ ನೋಡಿದೆ. ಕಾಗದ ಉಬ್ಬಲಿಲ್ಲ, ಮುರುಟಲಿಲ್ಲ. ಕೆಳಗೆ ಅಚ್ಚಾಗಿದ್ದ ಹೆಸರಿನ ಒಂದು ಅಕ್ಷರದ ಮೇಲೂ ಹನಿ ಬಿಟ್ಟೆ, ಮಸಿ ಕದಲಲಿಲ್ಲ. ಹಳೆಯ ಹತ್ತಿಬಟ್ಟೆಯ ಕಾಗದಕ್ಕೆ ನೀರೆಂದರೆ ಭಯವಿಲ್ಲ. ನನಗಿತ್ತು. ಕರೆಂಟು ಹೋದರೆ? ಎಸಿಯಿಂದ ನೀರು ತೊಟ್ಟಿಕ್ಕಿದರೆ? ಲೋಬಾನದ ಅಂಟು ನೀರಿಗೆ ಕರಗದೆ ಅಲ್ಲಲ್ಲೇ ಗಟ್ಟಿಯಾದರೆ? ಹೊರಗಿನ ಬೇಸಿಗೆಯ ತೇವ ಒಳಗೆ ನುಗ್ಗಿ ಬೂಷ್ಟು ಹಿಡಿದರೆ? ಹೆದರಬಹುದಾದ ಎಲ್ಲದಕ್ಕೂ ಹೆದರಿ ಮುಗಿಸಿದೆ, ಹೆದರಬೇಕಾಗಿದ್ದ ಒಂದನ್ನು ಬಿಟ್ಟು.

ಬೆಳಿಗ್ಗೆ ತೊಟ್ಟಿಗೆ ನೀರು ತುಂಬಿದೆ. ಆಮ್ಲ ತೆಗೆಯಲು ಚೂರು ಸುಣ್ಣದಂಶ ಬೆರೆಸಿದ್ದ ಶುದ್ಧ ನೀರು. ಕಾಗದಕ್ಕೆ ಮೊದಲು ಮಂಜಿನಂತೆ ನೀರು ಸಿಂಪಡಿಸಿ, ಅದು ಪೂರ್ತಿ ಮೆತ್ತಗಾದ ಮೇಲೆ ಜಾಳಿಗೆ ಬಟ್ಟೆಯ ಮೇಲೆ ಮಲಗಿಸಿ ಮೆಲ್ಲಗೆ ಇಳಿಸಿದೆ. ಸ್ವಲ್ಪ ಹೊತ್ತಿಗೇ ಅಂಚಿನಿಂದ ಕಂದು ಬಣ್ಣ ಎಳೆಎಳೆಯಾಗಿ ಬಿಡತೊಡಗಿತು.

"ಚಾ ಆಯ್ತ್ ಕಾಣಿ ಸಾರೇ," ಎಂದರು ಚೌಕಟ್ಟಿನವರು ಇಣುಕಿ. "ಸಕ್ರಿ ಹಾಕ್ಲಾ?"

ನಾನು ನಕ್ಕೆ. ಇಡೀ ವಾರದಲ್ಲಿ ಅದೇ ಮೊದಲು. ಆಗ ಮಂತ್ರಿಯ ಕಾಲ ಬಳಿ ಒಂದು ಗುಳ್ಳೆ ಎದ್ದದ್ದು ಕಂಡಿತು. ಗಾಳಿ ಸಿಕ್ಕಿಕೊಂಡಿರಬೇಕೆಂದು ಕುಂಚ ತೆಗೆದುಕೊಂಡೆ. ಕುಂಚ ತಾಗುವ ಮೊದಲೇ ಗುಳ್ಳೆ ಅಗಲವಾಯಿತು. ಚಿತ್ರದ ಬಲಮೂಲೆ, ಪಂಜಿನ ಗುಂಪು ಇರುವ ಮೂಲೆ, ಕಾಗದದಿಂದ ಬಿಟ್ಟುಕೊಂಡು ನೀರಿನಲ್ಲಿ ಮೆಲ್ಲಗೆ ಮೇಲೆದ್ದಿತು.

"ಹ್ವಾಯ್ ಸಾರೇ! ಅಜ್ಜ ಎದ್ದ್ ಹೊರಟ್ರಲೆ!"

ಆ ಕಾಲದಲ್ಲಿ ಒಳ್ಳೆಯ ಅಚ್ಚುಗಳನ್ನು ಪೂರ್ವದೇಶದಿಂದ ತರಿಸಿದ, ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದದ ಮೇಲೆ ತೆಗೆಯುತ್ತಿದ್ದರು. ಅತಿ ಸಣ್ಣ ಗೆರೆಯನ್ನೂ ಅದು ಹಿಡಿಯುತ್ತದೆ. ಒಂಟಿಯಾಗಿ ನಿಲ್ಲಲು ಅದಕ್ಕೆ ತ್ರಾಣವಿಲ್ಲದ್ದರಿಂದ, ಅಚ್ಚೊತ್ತುವಾಗಲೇ ಕೆಳಗೊಂದು ದಪ್ಪ ಹಾಳೆಯಿಟ್ಟು, ನಡುವೆ ತುಸು ಹಿಟ್ಟಿನಂಟು ಕೊಟ್ಟು ಎರಡನ್ನೂ ಒಂದಾಗಿಸುತ್ತಿದ್ದರು. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಕಂದು ಬಣ್ಣ ಎರಡನ್ನೂ ಒಂದೇ ಮಾಡಿಬಿಟ್ಟಿತ್ತು, ತೆಳುಹಾಳೆಯ ಅಂಚು ಚಿತ್ರದ ಸುತ್ತಲಿನ ಗೆರೆಯೊಳಗೆ ಅಡಗಿಬಿಟ್ಟಿತ್ತು. ನಾನು ಎಚ್ಚರಿಕೆಯಿಂದ ಬಿಟ್ಟ ಹನಿಗಳೆಲ್ಲ, ಹೆಸರಿನ ಮೇಲೆ ಬಿಟ್ಟದ್ದೂ ಸೇರಿ, ಬಿದ್ದದ್ದು ದಪ್ಪ ಹಾಳೆಯ ಮೇಲೆ. ಚಿತ್ರವನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ.

ಒದ್ದೆಯಾದ ತೆಳುಹಾಳೆ ಹಾಲಿನ ಕೆನೆಯ ಹಾಗೆ. ಬೆರಳಿನಿಂದ ಎತ್ತಲು ಹೋದರೆ ಬೆರಳಿಗೇ ಸುತ್ತಿಕೊಂಡು ಹರಿಯುತ್ತದೆ. ತಳದ ಹಾಳೆಗೆ ಅದು ಇನ್ನೂ ಎಡಗಡೆ ಅಂಟಿಕೊಂಡಿತ್ತು. ಹಾಗೇ ಬಿಟ್ಟರೆ ಅರ್ಧ ತೇಲಿ ಅರ್ಧ ಹಿಡಿದು, ಸರಿಯಾಗಿ ಮಂತ್ರಿಯ ಎದೆಯ ಮೇಲೆ ಹರಿಯುತ್ತಿತ್ತು. ಪೂರ್ತಿ ಬಿಡಿಸುವುದೊಂದೇ ದಾರಿ. ಚೌಕಟ್ಟಿನವರು ತೊಟ್ಟಿಯ ಕೊಳವೆ ತೆಗೆದು ನೀರನ್ನು ಇಷ್ಟಿಷ್ಟೇ ಇಳಿಸಿದರು. ನಾನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಎರಡು ಕಾಗದಗಳ ನಡುವೆ ತೂರಿಸಿದೆ.

"ಕೈ ನಡಗ್ತಿತ್ತಲೆ, ಸಾರೇ."

"ನಡುಗದೆ ಇನ್ನೇನು ಮಾರಾಯ್ರೇ?"

"ನಡ್ಗಲಿ ಬಿಡಿ. ನೀರೂ ನಡಗ್ತಿತ್ತ್, ಅಜ್ಜರೂ ನಡಗ್ತಿದ್ರ್. ಎಲ್ಲ ಒಟ್ಟಿಗೆ ನಡ್ಗಿರೆ ತೊಂದ್ರಿ ಇಲ್ಲೆ."

ಕೊನೆಯ ಮೂಲೆ ಬಿಟ್ಟುಕೊಂಡಿತು. ಪ್ಲಾಸ್ಟಿಕ್ಕಿನ ಮೇಲೆ ಚಿತ್ರ ಇಡಿಯಾಗಿ ಬಂತು. ಮೇಜಿನ ಮೇಲಿಟ್ಟು ಇಬ್ಬರೂ ಬಾಗಿ ನೋಡಿದೆವು. ತೆಳುಹಾಳೆ ದಂತದ ಬಣ್ಣಕ್ಕಿತ್ತು. ಕಂದೆಲ್ಲ ಇದ್ದದ್ದು ಕೆಳಗಿನ ದಪ್ಪ ಹಾಳೆಯಲ್ಲಿ; ಅದು ಮೇಲಿನದರ ಮೂಲಕ ಕಾಣುತ್ತಿತ್ತು ಅಷ್ಟೆ. ಈಗ ಕೆಳಗೆ ಬಿಳಿ ಮೇಜು. ಮಂತ್ರಿಯ ಗಡ್ಡದ ಎಳೆಗಳು, ಎತ್ತಿದ ಕೈಯ ಉಗುರು, ಕಣ್ಣಿನೊಳಗೆ ಕೆತ್ತಿದವನು ಬಿಟ್ಟ ಒಂದು ಬಿಳಿಚುಕ್ಕೆ, ಎಲ್ಲ ಕಂಡವು. ಅವನ ಮುಖದಲ್ಲಿ ಧೈರ್ಯ ಇರಬಹುದೆಂದು ನಾನು ಅಂದುಕೊಂಡಿದ್ದೆ. ಇದ್ದದ್ದು ದಣಿವು.

ಸಂತೋಷಪಡಬೇಕಾದ ಹೊತ್ತು. ನಾನು ತೊಟ್ಟಿಯಲ್ಲಿ ಉಳಿದ ದಪ್ಪ ಹಾಳೆಯ ಕಡೆ ತಿರುಗಿದೆ. ನಮ್ಮ ಕಸುಬಿನ ನಿಯಮದ ಪ್ರಕಾರ ಬಿಟ್ಟುಕೊಂಡದ್ದನ್ನು ಅದರದೇ ಹಾಳೆಗೆ ಮರಳಿ ಕೂಡಿಸಬೇಕು. ಫಲಕ ಒತ್ತಿದ ತಗ್ಗು, ಮಂತ್ರಿಯ ಹೆಸರು, ಕೆತ್ತಿದವನ ಹೆಸರು, ಎಲ್ಲ ಇದ್ದದ್ದು ಆ ದಪ್ಪ ಹಾಳೆಯಲ್ಲಿ. ಈಗಲೇ ಕೂಡಿಸಿದರೆ ಕಂದು ಮತ್ತೆ ಮೇಲೇರುತ್ತದೆ. ಹಾಳೆಯನ್ನು ತಿಳಿಗೊಳಿಸಿ ಕೂಡಿಸಬೇಕೆಂದರೆ ತಿಂಗಳುಗಟ್ಟಲೆ ತೊಳೆಯಬೇಕು, ಒಣಗಿಸಬೇಕು, ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವ ಎರಡು ಕಾಗದಗಳನ್ನು ಒಂದೇ ಅಳತೆಗೆ ತರಬೇಕು. ಇನ್ನೊಂದು ದಾರಿ, ಹೊಸ ಬಿಳಿ ಹಾಳೆಗೆ ಅಂಟಿಸುವುದು. ಬೇಗ ಆಗುತ್ತದೆ, ಬೆಳ್ಳಗೆ ಕಾಣುತ್ತದೆ. ಆದರೆ ಮಂತ್ರಿ ತನ್ನ ಹೆಸರಿನಿಂದ ಬೇರೆಯಾಗುತ್ತಾನೆ.

ನಮ್ಮ ಕಾರ್ಯಾಗಾರದ ಮುಖ್ಯಸ್ಥೆ ಒಮಾನಿ ಹೆಂಗಸು, ತಂಗಿಯ ಮದುವೆಗೆಂದು ಬುರೈಮಿಗೆ ಹೋಗಿದ್ದರು. ಫೋನಿನಲ್ಲಿ ಅವರ ಹಿಂದೆ ಹೆಂಗಸರ ಹಾಡು, ಡೋಲು. ನಾನು ಹೇಳಿದ್ದನ್ನೆಲ್ಲ ಕೇಳಿ, "ಯಾವುದನ್ನೂ ಎಸೆಯಬೇಡ. ಅಂಟು ಬಿಡಿಸಲಿಕ್ಕೆ ಬರುವಂಥದ್ದಿರಲಿ. ಉಳಿದದ್ದು ಮನೆಯವರನ್ನು ಕೇಳು. ನೀನು ಊಟ ಮಾಡಿದೆಯಾ?" ಎಂದರು. ಮಾಡಿರಲಿಲ್ಲ.

ಒದ್ದೆ ತೆಳುಹಾಳೆ ಒಣಗಿದರೆ ಸುರುಳಿಯಾಗುತ್ತದೆ, ಒದ್ದೆಯಾಗೇ ಹೊರಗಿಟ್ಟರೆ ಬೂಷ್ಟು. ಅದನ್ನು ಪ್ಲಾಸ್ಟಿಕ್ಕಿನ ನಡುವೆ ಮುಚ್ಚಿ, ನಾವು ಊಟದ ಡಬ್ಬಿ ಇಡುವ ಫ್ರಿಜ್ಜಿನಲ್ಲಿ ಮಲಗಿಸಿದೆ. ಚೌಕಟ್ಟಿನವರ ಬಂಗಡೆ ಸಾರಿಗೆ ಹೊರಗೆ ಜಾಗವಾಯಿತು. "ಮಂತ್ರಿ ಬಂದ್ರೆ ನಮ್ಮಂಥರಿಗ್ ಯಾವತ್ತೂ ಇದೇ ಗತಿ," ಎಂದು ಅವರು ಗೊಣಗಿದರು.

ಮರುದಿನ ತಂದೆ ಮಗಳು ಬಂದರು. ನಾನು ನಡೆದದ್ದನ್ನು ಹಿಂದುಮುಂದಾಗಿ ಹೇಳಿದೆ. ಕ್ಷಮೆ ಮೊದಲು, ಕಾರಣ ನಡುವೆ, ಘಟನೆ ಕೊನೆಗೆ.

"ತೊಳೆಯೋದು ಮಾತ್ರ ಅಂದಿದ್ರಿ," ಎಂದರು ಮಗಳು.

"ಹೌದು."

"ಬಿಟ್ಟುಕೊಂಡರೆ ಬಿಟ್ಟುಕೊಳ್ಳಲಿ. ಅದೇ ಹಾಳೆಗೆ ಕೂಡಿಸಿ. ತಡವಾದರೂ ಪರವಾಗಿಲ್ಲ."

"ಪರವಾಗಿಲ್ಲ ಅಂತ ಯಾರು ಹೇಳಿದ್ದು?" ಎಂದರು ತಂದೆ.

"ಅಪ್ಪಾ, ನಾಳೆ ಮಕ್ಕಳು ಇವನು ಯಾರು ಅಂತ ಕೇಳ್ತಾರೆ. ಹೆಸರೇ ಇಲ್ಲದ ಚಿತ್ರ ತೋರಿಸಿ ನಾನೇನು ಹೇಳಲಿ?"

"ನೀನೇ ಹೇಳು. ನಾನು ನಿನಗೆ ಹೇಳಿದ್ದೇನಲ್ಲ." ಅವರು ಊರುಗೋಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದರು. "ಹೆಸರು ನನಗೆ ಬಾಯಿಗೆ ಬರುತ್ತೆ. ಮುಖ ಬರ್ತಾ ಇಲ್ಲ. ಕಣ್ಣು ಮುಚ್ಚಿದರೂ ಈಗ ಬರ್ತಾ ಇಲ್ಲ. ಗಡ್ಡದ ತನಕ ಬರುತ್ತೆ, ಮೇಲೆ ಬರೀ ಕಂದು."

ವಕೀಲರು ನನ್ನ ಕಡೆ ತಿರುಗಿದರು. "ಯಾ ಮುಹಂದಿಸ್, ನೀನು ಹೇಳು. ನಿನ್ನ ಕೈಕೆಲಸ."

ಯಾರಾದರೂ ಅಭಿಪ್ರಾಯ ಕೇಳಿದರೆ ನಾನು ಎರಡೂ ಕಡೆಯ ತೊಂದರೆಗಳನ್ನು ಸಮನಾಗಿ ಹಂಚಿ, ತೀರ್ಮಾನವನ್ನು ಕೇಳಿದವರಿಗೇ ಹಿಂದಿರುಗಿಸುವವನು. ಮನೆಯಲ್ಲಿ ಯಾವ ತರಕಾರಿ ತರಬೇಕೆಂಬ ವಿಷಯದಲ್ಲೂ ಅಷ್ಟೆ. ಆ ದಿನ, "ಹೊಸ ಹಾಳೆ," ಎಂದುಬಿಟ್ಟೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು. ಕೂಡಲೇ ಹಳೆಯ ಅಭ್ಯಾಸ ಬಂದು, ಅಂಟು ಗೋಧಿಯದು, ಯಾವಾಗ ಬೇಕಾದರೂ ನೀರಿನಲ್ಲಿ ಬಿಡಿಸಬಹುದು, ಹೆಸರಿನ ಹಾಳೆಯನ್ನು ಬೇರೆ ಪೆಟ್ಟಿಗೆಯಲ್ಲಿ ಕೊಡುತ್ತೇನೆ, ಮುಂದೊಂದು ಕಾಲಕ್ಕೆ ಕೂಡಿಸಬೇಕೆನಿಸಿದವರು ಕೂಡಿಸಲಿ ಎಂದೆಲ್ಲ ಸೇರಿಸಿದೆ. ಮಗಳು ಕಾರಿನ ಕೀ ತೆಗೆದುಕೊಂಡು, "ಮಾಡಿ," ಎಂದರು. ಒಪ್ಪಿ ಹೇಳಿದ್ದಲ್ಲ ಅದು.

ಗೋಧಿಯ ಪಿಷ್ಟವನ್ನು ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಬಿಡದೆ ತಿರುಗಿಸಿ, ಬಿಳಿ ಬಣ್ಣ ಹೋಗಿ ಗಾಜಿನ ಹೊಳಪು ಬರುವ ತನಕ ಬೇಯಿಸಿದೆ. ಆರಿಸಿ, ಕೂದಲಿನ ಜರಡಿಯಲ್ಲಿ ಮತ್ತೆ ಮತ್ತೆ ಸೋಸಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿದೆ. ತೆಳುಹಾಳೆಯನ್ನು ಮುಖ ಕೆಳಗಾಗಿ ಪ್ಲಾಸ್ಟಿಕ್ಕಿನ ಮೇಲೆ ಹರಡಿ, ಬೆನ್ನಿಗೆ ಅಂಟು ಸವರಿ, ಒದ್ದೆ ಮಾಡಿದ ಹೊಸ ಹತ್ತಿ ಹಾಳೆಯನ್ನು ಒಂದು ಅಂಚಿನಿಂದ ಇಳಿಸುತ್ತ ಬಂದೆ. ಒಣಕುಂಚದಿಂದ ನಡುವಿನಿಂದ ಹೊರಕ್ಕೆ ಒತ್ತಿ ಗಾಳಿ ಓಡಿಸಿದೆ. ತಿರುಗಿಸಿ ಪ್ಲಾಸ್ಟಿಕ್ ಸುಲಿದಾಗ ಮಂತ್ರಿ ಬೆಳ್ಳಗಿನ ಹಾಳೆಯ ಮೇಲೆ ನೆಟ್ಟಗೆ ನಿಂತಿದ್ದ. ಹೀರುಕಾಗದ, ಉಣ್ಣೆಯ ಮೆತ್ತೆ, ಗಾಜು, ಅದರ ಮೇಲೆ ಸೀಸದ ತೂಕ. ಇನ್ನು ಕಾಯುವುದು. ಎಸಿಯ ಗಾಳಿಗೆ ಅಂಚು ಮೊದಲು ಒಣಗಿ ನಡುವನ್ನು ಎಳೆಯುತ್ತದೆ. ಹಾಗಾಗದಂತೆ ಹೀರುಕಾಗದ ಬದಲಿಸುತ್ತ, ನಿಧಾನವಾಗಿ ಒಣಗಿಸಬೇಕು. ಅವಸರ ಮಾಡಿದರೆ ಸುಕ್ಕು ಶಾಶ್ವತ.

ತೂಕ ಇಟ್ಟು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ, ಮಗಳ ಫೋನು ಬಂತು. ಬೆಳಿಗ್ಗೆ ವಕೀಲರ ಬಲಗಣ್ಣಿನ ಒಳಗೆ ರಕ್ತ ಸೋರಿದೆ. ನಮಾಜು ಮುಗಿಸಿ ಎದ್ದಾಗ ಗೋಡೆಯ ನಡುವೆ ಕಪ್ಪು ತೂತು ಕಂಡಿತಂತೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟಿದ್ದಾರೆ.

"ಒಣಗಿದೆಯಾ?" ಎಂದು ಕೇಳಿದರು.

"ಇಲ್ಲ."

"ಒದ್ದೆಯಾಗೇ ಕೊಡೋದಕ್ಕೆ ಆಗೋದಿಲ್ಲವಾ?"

"ಸುಕ್ಕಾಗುತ್ತೆ."

"ನಾನೇ ಅಂದೆ, ತಡವಾದರೂ ಪರವಾಗಿಲ್ಲ ಅಂತ," ಎಂದು ಫೋನಿಟ್ಟರು.

ಚೌಕಟ್ಟಿನವರು ತಮಾಷೆ ಮಾಡಲಿಲ್ಲ. "ಇಸ್ತ್ರಿಪೆಟ್ಟಿಗಿ ಇತ್ತ್ ಸಾರೇ. ಸಣ್ಣ ಬಿಸಿಯಂಗೆ ಒಂದ್ಸಲ ಎಳದ್ರೆ…" ಎಂದು ಅರ್ಧಕ್ಕೇ ನಿಲ್ಲಿಸಿದರು. ನಾನು ಸೀಸದ ತೂಕದ ಮೇಲೆ ಕೈಯಿಟ್ಟೆ. ತೆಗೆದೆ. ಮತ್ತೆ ಇಟ್ಟೆ.

ಸಂಜೆ ಮನೆಯಲ್ಲಿ ಹೆಂಡತಿ ಚಪಾತಿ ಲಟ್ಟಿಸುತ್ತ ಕೇಳಿದಳು, "ನಾಳೆನೇ ತೆಗೆದುಕೊಟ್ರೆ ಏನ್ರೀ ಆಗುತ್ತೆ?"

"ಗೆರೆ ಎಲ್ಲ ಸೊಟ್ಟ ಆಗುತ್ತೆ ಕಣೆ."

"ಅವರಿಗೆ ಹೇಗೂ ಸೊಟ್ಟನೇ ಕಾಣ್ಸೋದು ಅಂದ್ರಲ್ಲ."

ನನ್ನ ಮಗಳು ಮೊಬೈಲಿನಿಂದ ತಲೆಯೆತ್ತದೆ, "ಅಪ್ಪಾ, ಜಸ್ಟ್ ಗಿವ್ ಇಟ್ ಟು ಹಿಮ್," ಎಂದಳು. ಮನೆಯಲ್ಲಿ ಬಹುಮತ ಸಿದ್ಧವಾಗಿತ್ತು.

ಆದರೂ ನಾನು ಬೇಗ ತೆಗೆಯಲಿಲ್ಲ. ಸುಕ್ಕಿನ ಮೇಲೆ ಬೆಳಕು ಬಿದ್ದರೆ ಪ್ರತಿ ಸುಕ್ಕೂ ನೆರಳು ಚೆಲ್ಲುತ್ತದೆ. ಉಳಿದಿರುವ ಅಷ್ಟು ದೃಷ್ಟಿಗೆ ಮಂತ್ರಿಯ ಗೆರೆ ಯಾವುದು, ನನ್ನ ಅವಸರದ ಗೆರೆ ಯಾವುದು ಎಂದು ಹೇಗೆ ತಿಳಿಯಬೇಕು? ಈ ವಾದ ಆಗ ಗಟ್ಟಿಯೆನಿಸಿತು. ಈಗಲೂ ಅದು ಸರಿಯೇ ಎಂದು ಹೇಳಲಾರೆ. ಹೀರುಕಾಗದ ಬದಲಿಸಿದೆ, ಕೆನ್ನೆಗೆ ಒತ್ತಿ ನೋಡಿದೆ. ತಣ್ಣಗಿದ್ದರೆ ಇನ್ನೂ ತೇವವಿದೆ ಎಂದರ್ಥ. ತಣ್ಣಗಿತ್ತು. ಮತ್ತೆ ತೂಕ. ಫೋನು ಬಂದಾಗಲೆಲ್ಲ ಮೊದಲು ಯಾರ ಹೆಸರೆಂದು ನೋಡಿದೆ. ವಕೀಲರ ಮಗಳು ಮತ್ತೆ ಫೋನು ಮಾಡಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಕೊನೆಗೊಂದು ಬೆಳಿಗ್ಗೆ ಹೀರುಕಾಗದ ಕೆನ್ನೆಗೆ ಬೆಚ್ಚಗೆ ತಾಗಿತು. ಹಾಳೆ ಸಪಾಟಾಗಿತ್ತು. ಚೌಕಟ್ಟಿನವರು ತೆಳುವಾದ ಕಪ್ಪು ಪಟ್ಟಿಯ ಚೌಕಟ್ಟು ಸಿದ್ಧ ಮಾಡಿಟ್ಟಿದ್ದರು, ಗಾಜು ಮಾತ್ರ ಹಾಕಿರಲಿಲ್ಲ. "ಮೊದ್ಲ್ ಕಾಂಬುಕೆ ಗಾಜ್ ಬ್ಯಾಡ ಸಾರೇ. ಬೆಳ್ಕ್ ಹೊಳ್ದ್ರೆ ಅವ್ರಿಗ್ ಮತ್ತೊಂದ್ ಕಷ್ಟ." ನನಗೆ ಹೊಳೆಯದ ಮಾತು.

ಹೊರಗಿನ ಗಾಳಿ ಒದ್ದೆ ಟವೆಲಿನಂತಿತ್ತು. ಚಿತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಮುಚ್ಚಿ, ವ್ಯಾನಿನಲ್ಲಿ ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂತೆ. ಚೌಕಟ್ಟಿನವರು ಬೋಳು ಬೆಟ್ಟಗಳ ನಡುವಿನ ರಸ್ತೆ ಏರಿ ಅಲ್ ಅಮೇರಾತ್ ಕಡೆ ವ್ಯಾನು ಇಳಿಸಿದರು.

ಮಗಳು ಬಾಗಿಲು ತೆರೆದರು. ನಿದ್ದೆಯಿಲ್ಲದ ಮುಖ. ಮಜ್ಲಿಸ್‌ನಲ್ಲಿ ವಕೀಲರು ಕುರ್ಚಿಯಲ್ಲಿದ್ದರು. ನೆಲದ ದಿಂಬಿಗೆ ಈಗ ಕೂರಲಾರರು, ಏಳುವಾಗ ದಿಕ್ಕು ತಪ್ಪುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಇನ್ನೊಂದು ಕುರ್ಚಿಯನ್ನು ಅವರೆದುರು ಇಟ್ಟು, ಅದರ ಮೇಲೆ ಚಿತ್ರವನ್ನು ಒರಗಿಸಿದೆವು. ನಾನು ಅದರ ಎಡಪಕ್ಕದಲ್ಲಿ ನಿಂತೆ, ಬಿದ್ದರೆ ಹಿಡಿಯಲಿಕ್ಕೆ.

ಅವರು ಮುಂದಕ್ಕೆ ಬಾಗಿದರು. ಭೂತಗನ್ನಡಿ ಎತ್ತಿದರು, ಇಳಿಸಿದರು. ಮುಖವನ್ನು ಚಿತ್ರಕ್ಕೆ ತೀರ ಹತ್ತಿರ ತಂದರು, ಹಿಂದೆ ತೆಗೆದರು.

"ಬೆಳ್ಳಗಿದೆ," ಎಂದರು. "ತುಂಬ ಬೆಳ್ಳಗಿದೆ. ನಡುವೆ ತೂತು."

ಮಗಳು ಪರದೆ ಸರಿಪಡಿಸುವ ನೆಪದಲ್ಲಿ ಕಿಟಕಿಯ ಕಡೆ ತಿರುಗಿದರು. ಪರದೆ ಸರಿಯಾಗೇ ಇತ್ತು. ಚೌಕಟ್ಟಿನವರು ತಮ್ಮ ಕಾಲುಚೀಲ ನೋಡುತ್ತ ನಿಂತರು. ಯಾರೂ ಮಾತಾಡದಿದ್ದಾಗ ನಾನು ಮಾತಾಡುತ್ತೇನೆ, ಅದೊಂದು ಕಾಯಿಲೆ. ಕಾಗದ ಹತ್ತಿಯದು ಎಂದೆ. ಮಸಿ ಒಂದು ಚೂರೂ ಹೋಗಿಲ್ಲ ಎಂದೆ. ಅಂಟು ಗೋಧಿಯದು, ಗಂಟು ಉಳಿಯದಂತೆ ಚೆನ್ನಾಗಿ ಸೋಸಿದ್ದೇನೆ ಎಂದೆ. ಯಾರಿಗೆ ಬೇಕಿತ್ತು?

ವಕೀಲರು ಕೈಯೆತ್ತಿದರು. ಸಾಕು ಎನ್ನುತ್ತಾರೆ ಎಂದುಕೊಂಡು ನಿಲ್ಲಿಸಿದೆ.

"ನಿಲ್ಲಿಸಬೇಡ," ಎಂದರು. "ಮಾತಾಡ್ತಾ ಇರು."

ಅವರು ಚಿತ್ರದಿಂದ ಮುಖ ಹೊರಳಿಸಿ ನನ್ನ ದನಿಯ ಕಡೆ, ನೇರ ನನ್ನ ಮುಖಕ್ಕೆ ಕಣ್ಣಿಟ್ಟಿದ್ದರು. ಪಾಪ, ನನಗೆ ಬೇಸರವಾಗದಿರಲೆಂದು ಉಪಚಾರ ಮಾಡುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಅವರು ಮರಳಿ ನಗಲಿಲ್ಲ.

"ಗಡ್ಡ," ಎಂದರು. ಸ್ವಲ್ಪ ತಡೆದು, "ಕೈ."

ನನಗೆ ಗಡ್ಡವಿಲ್ಲ. ಮಗಳು ಕಿಟಕಿಯಿಂದ ತಿರುಗಿದರು.

ಅವರು ಆಸೆಯಿಂದ ಕಣ್ಣನ್ನು ಚಿತ್ರದ ಕಡೆ ಹೊರಳಿಸಿದರು. "ಹೋದ," ಎಂದರು. ಮತ್ತೆ ನನ್ನ ಮುಖಕ್ಕೆ ತಂದರು. "ಬಂದ. ಮುದುಕ ಆಗಿಬಿಟ್ಟಿದ್ದಾನೆ," ಎಂದರು. ಆಮೇಲೆ ಮೆಲ್ಲಗೆ, "ಕದಲಬೇಡ, ಯಾ ಮುಹಂದಿಸ್."

ಅವರ ಕಣ್ಣು ನನ್ನ ಮುಖದ ಮೇಲಿತ್ತು; ನಡುವಿನ ತೂತು ನನ್ನ ಮೇಲೆ ಬಿದ್ದು, ಕಣ್ಣಂಚಿನಲ್ಲಿ ಅವರು ನೋಡುತ್ತಿದ್ದದ್ದು ಪಕ್ಕದ ಮಂತ್ರಿಯನ್ನು. ನಾನೊಂದಿಷ್ಟು ಸರಿದರೆ ಅವನು ತಪ್ಪಿಹೋಗುತ್ತಾನೆ. ಕಾಲು ಜೋಮು ಹಿಡಿಯುತ್ತಿತ್ತು, ಜೇಬಿನಲ್ಲಿ ಫೋನು ನಡುಗುತ್ತಿತ್ತು. ಉಸಿರನ್ನೂ ಸಣ್ಣಗೆ ಎಳೆಯುತ್ತ, ಗೋಧಿಯ ಪಿಷ್ಟವನ್ನು ಯಾವ ಉರಿಯಲ್ಲಿ, ಯಾವ ಹದಕ್ಕೆ ಬೇಯಿಸಬೇಕು ಎಂಬುದನ್ನು ಮೊದಲಿನಿಂದ ಹೇಳುತ್ತ ಅಲ್ಲೇ ನಿಂತೆ.